ಹುಲಿ: ಕಾಡಿನ ಬದುಕು ಮತ್ತು ವರ್ತನೆ

ಹುಲಿ ಬೆಕ್ಕಿನ ಕುಟುಂಬಕ್ಕೆ ಸೇರಿದ, ಏಷ್ಯಾ ಖಂಡದಲ್ಲಿ ಮಾತ್ರ ಸಹಜವಾಗಿ ಕಂಡುಬರುವ ಮಾಂಸಾಹಾರಿ ಸಸ್ತನಿ. ಇಂದು ಬದುಕಿರುವ ಬೆಕ್ಕುಗಳಲ್ಲೆಲ್ಲ ಅತಿ ದೊಡ್ಡದು. ವೈಜ್ಞಾನಿಕ ಹೆಸರು ಪ್ಯಾಂಥೆರಾ ಟೈಗ್ರಿಸ್. ಕನ್ನಡದಲ್ಲಿ ಹೆಬ್ಬುಲಿ, ಪಟ್ಟೆಹುಲಿ, ವ್ಯಾಘ್ರ, ಶಾರ್ದೂಲ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಮೈಮೇಲಿನ ಕಪ್ಪು ಪಟ್ಟೆ, ಒಂಟಿ ಬದುಕು, ತನಗಿಂತ ದೊಡ್ಡ ಪ್ರಾಣಿಯನ್ನೂ ಒಂಟಿಯಾಗಿಯೇ ಕೆಡವಬಲ್ಲ ಶಕ್ತಿ ಇದರ ಮುಖ್ಯ ಲಕ್ಷಣಗಳು. ಹೆಣ್ಣಿಗೆ ಎಷ್ಟು ನೆಲ ಬೇಕು, ಗಂಡು ಎಷ್ಟು ದೂರ ಅಲೆಯುತ್ತದೆ, ಒಂದು ಕಾಡಿನಲ್ಲಿ ಎಷ್ಟು ಹುಲಿ ಬಾಳಬಹುದು ಎಂಬುದೆಲ್ಲ ಬಹುಮಟ್ಟಿಗೆ ಒಂದೇ ಸಂಗತಿಯನ್ನು ಅವಲಂಬಿಸಿದೆ: ಆ ಕಾಡಿನಲ್ಲಿ ಗೊರಸಿನ ದೊಡ್ಡ ಪ್ರಾಣಿಗಳು ಎಷ್ಟಿವೆ ಎಂಬುದು.

ವರ್ಗೀಕರಣ ಮತ್ತು ಉಗಮ

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಹುಲಿಗೆ ಫೆಲಿಸ್ ಟೈಗ್ರಿಸ್ ಎಂದು ಹೆಸರಿಟ್ಟ. 1929ರಲ್ಲಿ ಬ್ರಿಟಿಷ್ ಪ್ರಾಣಿವಿಜ್ಞಾನಿ ರೆಜಿನಾಲ್ಡ್ ಪೊಕಾಕ್ ಅದನ್ನು ಸಿಂಹ, ಚಿರತೆ, ಜಾಗ್ವಾರ್‌ಗಳ ಜೊತೆಗೆ ಪ್ಯಾಂಥೆರಾ ಕುಲಕ್ಕೆ ಸೇರಿಸಿದ. ವಂಶವಾಹಿ ಅಧ್ಯಯನಗಳ ಪ್ರಕಾರ ಈ ಕುಲದಲ್ಲಿ ಹುಲಿಗೆ ಅತಿ ಹತ್ತಿರದ ನೆಂಟ ಸಿಂಹವಲ್ಲ, ಹಿಮಚಿರತೆ. ಹುಲಿಯನ್ನು ಹೋಲುವ ಅತಿ ಹಳೆಯ ಪಳೆಯುಳಿಕೆಗಳಲ್ಲಿ ಒಂದು ಚೀನಾದ ಗನ್ಸು ಪ್ರಾಂತ್ಯದಲ್ಲಿ ಸಿಕ್ಕಿದೆ. ಪ್ಯಾಂಥೆರಾ ಜ್ದಾನ್‌ಸ್ಕಿ ಎಂದು ಹೆಸರಿಸಲಾದ ಅದರ ವಯಸ್ಸು ಇಪ್ಪತ್ತು ಲಕ್ಷ ವರ್ಷಗಳಿಗೂ ಮಿಕ್ಕಿದ್ದು.

ವಂಶ ಇಷ್ಟು ಹಳೆಯದಾದರೂ ಈಗಿನ ಹುಲಿಗಳ ಪೂರ್ವಜರು ಅಷ್ಟು ಹಿಂದಿನವರಲ್ಲ. ಸಂಪೂರ್ಣ ಜೀನೋಮ್‌ಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂದಿನ ಎಲ್ಲ ಹುಲಿಗಳೂ ಸುಮಾರು 1,10,000 ವರ್ಷಗಳ ಹಿಂದಿನ ಒಂದೇ ಮೂಲದಿಂದ ಕವಲೊಡೆದಿವೆ ಎಂದು ಕಂಡುಕೊಂಡಿತು. ಭಾರತ ಉಪಖಂಡಕ್ಕೆ ಹುಲಿ ಬಂದದ್ದು ಪ್ಲೀಸ್ಟೊಸೀನ್ ಯುಗದ ಕೊನೆಯ ಭಾಗದಲ್ಲಿ.

ಉಪಪ್ರಭೇದಗಳು

ಇಪ್ಪತ್ತನೆಯ ಶತಮಾನದ ಹೆಚ್ಚಿನ ಗ್ರಂಥಗಳು ಎಂಟು ಉಪಪ್ರಭೇದಗಳನ್ನು ಹೇಳುತ್ತವೆ: ಬಂಗಾಳ, ಸೈಬೀರಿಯ ಅಥವಾ ಅಮೂರ್, ಇಂಡೋಚೀನಾ, ದಕ್ಷಿಣ ಚೀನಾ, ಸುಮಾತ್ರಾ, ಜಾವಾ, ಬಾಲಿ, ಕ್ಯಾಸ್ಪಿಯನ್. 2004ರಲ್ಲಿ ಮಲಯಾ ಹುಲಿಯನ್ನು ಬೇರ್ಪಡಿಸಿದ್ದರಿಂದ ಸಂಖ್ಯೆ ಒಂಬತ್ತಾಯಿತು. ಇವುಗಳಲ್ಲಿ ಬಾಲಿ ಹುಲಿ 1930ರ ದಶಕದ ನಂತರ ಖಚಿತವಾಗಿ ಕಂಡಿಲ್ಲ. ಜಾವಾ ಮತ್ತು ಕ್ಯಾಸ್ಪಿಯನ್ ಹುಲಿಗಳ ನಂಬಲರ್ಹ ದಾಖಲೆಗಳು 1970ರ ದಶಕಕ್ಕೆ ನಿಲ್ಲುತ್ತವೆ. ದಕ್ಷಿಣ ಚೀನಾದ ಹುಲಿ ಈಗ ಮನುಷ್ಯರ ಸಾಕಣೆಯಲ್ಲಿ ಮಾತ್ರ ಉಳಿದಿದೆ.

ಈ ವಿಂಗಡಣೆಯ ಬಗ್ಗೆ ಒಮ್ಮತವಿಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಬೆಕ್ಕು ತಜ್ಞರ ಗುಂಪು 2017ರಲ್ಲಿ ಎರಡೇ ಉಪಪ್ರಭೇದಗಳನ್ನು ಮಾನ್ಯ ಮಾಡಿತು: ಏಷ್ಯಾದ ಮುಖ್ಯ ಭೂಭಾಗದ್ದು ಒಂದು, ಸುಂಡಾ ದ್ವೀಪಗಳದ್ದು ಇನ್ನೊಂದು. ಮೇಲೆ ಹೇಳಿದ 2018ರ ಜೀನೋಮ್ ಅಧ್ಯಯನ ಉಳಿದಿರುವ ಆರೂ ಗುಂಪುಗಳು ಬೇರೆ ಬೇರೆ ಎಂದಿತು. ಸಂರಕ್ಷಣೆಗೆ ಈ ಭಿನ್ನಾಭಿಪ್ರಾಯದಿಂದ ನೇರ ಪರಿಣಾಮವಿದೆ. ಒಂದು ಕಡೆ ಅಳಿದ ಹುಲಿಯ ಜಾಗಕ್ಕೆ ಇನ್ನೊಂದು ಕಡೆಯ ಹುಲಿಯನ್ನು ತರಬಹುದೇ ಎಂಬ ಪ್ರಶ್ನೆಗೆ ಉತ್ತರ ಇದರಿಂದಲೇ ಬರಬೇಕು. ಅಳಿದುಹೋದ ಕ್ಯಾಸ್ಪಿಯನ್ ಹುಲಿ ವಂಶವಾಹಿಗಳಲ್ಲಿ ಅಮೂರ್ ಹುಲಿಗೆ ತೀರ ಹತ್ತಿರವಿತ್ತು ಎಂದು ತಿಳಿದ ಮೇಲೆಯೇ ಕಜಕಿಸ್ತಾನ ಹುಲಿಯನ್ನು ಮರಳಿ ತರುವ ಯೋಜನೆ ಹಾಕಿಕೊಂಡಿತು.

ದೇಹರಚನೆ

ಭಾರತದ ಕಾಡುಗಳಲ್ಲಿ ಬೆಳೆದ ಗಂಡು ಹುಲಿ ಸಾಮಾನ್ಯವಾಗಿ 180ರಿಂದ 250 ಕಿಲೋ, ಹೆಣ್ಣು 100ರಿಂದ 160 ಕಿಲೋ ತೂಗುತ್ತದೆ. ಗಂಡಿನ ಉದ್ದ ಮೂತಿಯಿಂದ ಬಾಲದ ತುದಿಗೆ ಸುಮಾರು 2.7ರಿಂದ 3.1 ಮೀಟರ್. ಸುಮಾತ್ರಾ ಹುಲಿ ಇದಕ್ಕಿಂತ ಬಹಳ ಚಿಕ್ಕದು. ಅಲ್ಲಿನ ಗಂಡು 100ರಿಂದ 140 ಕಿಲೋ ಇರುತ್ತದೆ. ಸುಂದರಬನದ ಹೆಣ್ಣು ಹುಲಿಗಳ ತೂಕ 80 ಕಿಲೋದ ಆಸುಪಾಸಿನಲ್ಲಿದೆ. ಅಲ್ಲಿ ದೊಡ್ಡ ಬಲಿಪ್ರಾಣಿಗಳಿಲ್ಲದಿರುವುದನ್ನು ಇದಕ್ಕೆ ಒಂದು ಕಾರಣವಾಗಿ ಕೊಡಲಾಗುತ್ತದೆ.

ಹುಲಿಯ ಮೈಕಟ್ಟು ದೂರದ ಓಟಕ್ಕೆ ಹೊಂದಿದ್ದಲ್ಲ. ಹಿಂಗಾಲು ಮುಂಗಾಲಿಗಿಂತ ಉದ್ದ; ಇದರಿಂದ ಕುಳಿತಲ್ಲಿಂದ ಒಮ್ಮೆಲೇ ಮುನ್ನುಗ್ಗಲು ಸಾಧ್ಯವಾಗುತ್ತದೆ. ಮುಂಗಾಲಿನ ಮೂಳೆಗಳು ದಪ್ಪ, ಭುಜದ ಮಾಂಸಖಂಡ ಬಲವಾದದ್ದು. ಬಲಿಯನ್ನು ತಬ್ಬಿ ನೆಲಕ್ಕೆ ಎಳೆಯುವ ಕೆಲಸ ಇವುಗಳದು. ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು ಬೆರಳು. ನಡೆಯುವಾಗ ಉಗುರುಗಳು ಒಳಗೆ ಸರಿದಿರುವುದರಿಂದ ಹೆಜ್ಜೆಗುರುತಿನಲ್ಲಿ ಅವು ಮೂಡುವುದಿಲ್ಲ, ಮೊನೆಯೂ ಸವೆಯುವುದಿಲ್ಲ. ಬಾಯಲ್ಲಿ 30 ಹಲ್ಲುಗಳು. ಕೋರೆಹಲ್ಲು ಆರೇಳು ಸೆಂಟಿಮೀಟರ್ ಅಥವಾ ಇನ್ನೂ ಉದ್ದ. ಬದುಕಿರುವ ಬೆಕ್ಕುಗಳಲ್ಲಿ ಇಷ್ಟು ದೊಡ್ಡ ಕೋರೆ ಬೇರೆಯದಕ್ಕಿಲ್ಲ. ಕೋರೆಗೂ ಹಿಂದಿನ ದವಡೆಹಲ್ಲಿಗೂ ನಡುವೆ ತೆರಪಿದೆ. ಹಾಗಾಗಿ ಕಚ್ಚಿದಾಗ ಕೋರೆ ಬಲಿಯ ಮೈಯೊಳಗೆ ಬುಡದ ತನಕ ಇಳಿಯುತ್ತದೆ. ದವಡೆಹಲ್ಲುಗಳು ಮಾಂಸವನ್ನು ಕತ್ತರಿಸುವಂಥವು, ಅಗಿಯುವಂಥವಲ್ಲ. ನಾಲಿಗೆಯ ಮೇಲಿನ ಗಡಸು ಮುಳ್ಳುಗಳು ಮೂಳೆಗೆ ಅಂಟಿದ ಮಾಂಸವನ್ನು ಕೆರೆದು ತೆಗೆಯುತ್ತವೆ.

ಬಣ್ಣ ಮತ್ತು ಪಟ್ಟೆ

ಬೆನ್ನು ಮತ್ತು ಪಕ್ಕಗಳು ಕೆಂಪು ಮಿಶ್ರಿತ ಹಳದಿ, ಹೊಟ್ಟೆ ಮತ್ತು ಕೆನ್ನೆ ಬಿಳಿ, ಇವೆಲ್ಲದರ ಮೇಲೆ ಕಪ್ಪು ಪಟ್ಟೆ. ಪಟ್ಟೆಗಳ ವಿನ್ಯಾಸ ಒಂದು ಹುಲಿಯಂತೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡಬಲ ಪಕ್ಕಗಳೂ ಒಂದೇ ತೆರನಾಗಿರುವುದಿಲ್ಲ. ಕೂದಲು ಬೋಳಿಸಿದರೂ ಚರ್ಮದ ಮೇಲೆ ಪಟ್ಟೆ ಕಾಣುತ್ತದೆ.

ಮನುಷ್ಯನ ಕಣ್ಣಿಗೆ ಎದ್ದು ಕಾಣುವ ಈ ಬಣ್ಣ ಜಿಂಕೆ, ಕಡವೆಗಳ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಗೊರಸಿನ ಪ್ರಾಣಿಗಳ ಕಣ್ಣು ಕೆಂಪು ಮತ್ತು ಹಸಿರನ್ನು ಬೇರೆ ಮಾಡಲಾರದು. ಹುಲಿಯ ಮೈ ಅವುಗಳಿಗೆ ಎಲೆ, ಹುಲ್ಲುಗಳ ಬಣ್ಣದಲ್ಲೇ ಬೆರೆತುಹೋಗುತ್ತದೆ. ಪಟ್ಟೆಗಳು ಮೈಯ ಅಂಚನ್ನು ಒಡೆದು, ಹುಲ್ಲಿನ ನೆರಳು ಬೆಳಕಿನ ನಡುವೆ ಆಕಾರವನ್ನೇ ಮರೆಸುತ್ತವೆ.

ಬಿಳಿ ಹುಲಿ ಬೇರೆ ಉಪಪ್ರಭೇದವಲ್ಲ, ಬಂಗಾಳ ಹುಲಿಯಲ್ಲಿ ಕಾಣುವ ಒಂದು ವಂಶವಾಹಿ ವ್ಯತ್ಯಾಸ. 1951ರಲ್ಲಿ ಮಧ್ಯ ಭಾರತದ ರೇವಾ ಪ್ರದೇಶದಲ್ಲಿ ಹಿಡಿದ ‘ಮೋಹನ್’ ಎಂಬ ಮರಿಯ ಸಂತತಿಯನ್ನು ಒಳಸಂಬಂಧದಲ್ಲೇ ಕೂಡಿಸಿ ಮೃಗಾಲಯಗಳ ಬಿಳಿ ಹುಲಿಗಳನ್ನು ಬೆಳೆಸಲಾಗಿದೆ. ಇದರಿಂದ ಅವುಗಳಲ್ಲಿ ದೇಹದ ದೋಷಗಳು ಹೆಚ್ಚು. ಒಡಿಶಾದ ಸಿಮ್ಲಿಪಾಲ್ ಕಾಡಿನಲ್ಲಿ ಪಟ್ಟೆಗಳು ದಪ್ಪವಾಗಿ ಒಂದಕ್ಕೊಂದು ಕೂಡಿಕೊಂಡ ಕಪ್ಪು ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ಇದಕ್ಕೆ ಒಂದೇ ಜೀನ್‌ನಲ್ಲಾದ ಬದಲಾವಣೆ ಕಾರಣವೆಂದು 2021ರಲ್ಲಿ ತೋರಿಸಿತು. ಬೇರೆ ಕಾಡುಗಳಿಂದ ಕಡಿದುಕೊಂಡ ಚಿಕ್ಕ ಗುಂಪಿನಲ್ಲಿ ಅಪರೂಪದ ಲಕ್ಷಣ ಹೇಗೆ ಹಬ್ಬುತ್ತದೆ ಎಂಬುದಕ್ಕೆ ಸಿಮ್ಲಿಪಾಲ್ ಸ್ಪಷ್ಟ ಉದಾಹರಣೆ.

ಇಂದ್ರಿಯಗಳು ಮತ್ತು ಧ್ವನಿ

ಬೇಟೆಗೆ ಹುಲಿ ಮುಖ್ಯವಾಗಿ ಕಣ್ಣು ಮತ್ತು ಕಿವಿಗಳನ್ನು ನೆಚ್ಚಿಕೊಂಡಿದೆ. ಕಣ್ಣಿನ ಹಿಂಭಾಗದ ಪದರವೊಂದು ಒಳಬಂದ ಬೆಳಕನ್ನು ಮರಳಿ ಪ್ರತಿಫಲಿಸುವುದರಿಂದ ಮಬ್ಬುಗತ್ತಲಲ್ಲೂ ನೋಟ ಕೆಲಸ ಮಾಡುತ್ತದೆ. ಪಾಪೆ ಮನೆಬೆಕ್ಕಿನಂತೆ ಸೀಳಾಗಿರದೆ ದುಂಡಗಿದೆ. ಕಿವಿಯ ಹಿಂಬದಿ ಕಪ್ಪು, ಅದರ ನಡುವೆ ಬಿಳಿ ಚುಕ್ಕೆ. ತಾಯಿಯ ಹಿಂದೆ ನಡೆಯುವ ಮರಿಗಳಿಗೆ ಗುರುತಾಗಲು, ಇಲ್ಲವೆ ಎದುರಾಳಿಗೆ ಎಚ್ಚರಿಕೆ ಕೊಡಲು ಇದು ಇರಬಹುದೆಂಬ ಊಹೆಗಳಿವೆ. ವಾಸನೆಯ ಶಕ್ತಿ ಬೇಟೆಗಿಂತ ಹೆಚ್ಚಾಗಿ ಇತರ ಹುಲಿಗಳ ಸುಳಿವು ಹಿಡಿಯಲು ಬಳಕೆಯಾಗುತ್ತದೆ.

ಹುಲಿಯ ಗರ್ಜನೆ ಕಾಡಿನಲ್ಲಿ ಎರಡು ಮೂರು ಕಿಲೋಮೀಟರ್ ದೂರ ಕೇಳಿಸುತ್ತದೆ. ಮನುಷ್ಯನ ಕಿವಿಗೆ ನಿಲುಕದ ತೀರ ತಗ್ಗಿನ ಶಬ್ದವೂ ಅದರಲ್ಲಿ ಸೇರಿದೆ. ಬೆದೆಗೆ ಬಂದ ಹೆಣ್ಣು ಪದೇ ಪದೇ ಕೂಗುತ್ತದೆ. ತಾಯಿ ಮರಿಗಳನ್ನು ಮೆಲುದನಿಯಲ್ಲಿ ಕರೆಯುತ್ತದೆ. ಪರಿಚಯದ ಹುಲಿಗಳು ಎದುರಾದಾಗ ಬಾಯಿ ಮುಚ್ಚಿ ಮೂಗಿನಿಂದ ‘ಫುರ್‌ಫುರ್’ ಎಂದು ಗಾಳಿ ಬಿಡುವುದುಂಟು. ಇದು ಸ್ನೇಹದ ಸೂಚನೆ.

ವ್ಯಾಪ್ತಿ ಮತ್ತು ನೆಲೆ

ಎರಡು ಶತಮಾನಗಳ ಹಿಂದೆ ಹುಲಿ ಪೂರ್ವ ಟರ್ಕಿಯಿಂದ ರಷ್ಯಾದ ಪೂರ್ವ ಕರಾವಳಿಯವರೆಗೆ, ದಕ್ಷಿಣದಲ್ಲಿ ಬಾಲಿಯವರೆಗೆ ಹರಡಿತ್ತು. ಆ ವ್ಯಾಪ್ತಿಯ ಹತ್ತನೆಯ ಒಂದು ಪಾಲೂ ಈಗ ಉಳಿದಿಲ್ಲ. ಉಳಿದ ನೆಲೆಗಳಲ್ಲಿನ ವೈವಿಧ್ಯ ಮಾತ್ರ ದೊಡ್ಡದು. ಸುಂದರಬನದ ಕಾಂಡ್ಲಾ ಕಾಡು, ಹಿಮಾಲಯದ ಬುಡದ ತರಾಯಿ ಹುಲ್ಲುಗಾವಲು, ರಾಜಸ್ಥಾನದ ರಣಥಂಬೋರಿನ ಒಣ ಕಾಡು, ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡು, ಸುಮಾತ್ರಾದ ಮಳೆಕಾಡು, ಚಳಿಗಾಲದಲ್ಲಿ ಹಿಮ ಮುಚ್ಚುವ ರಷ್ಯಾದ ಪೈನ್ ಕಾಡುಗಳಲ್ಲಿ ಹುಲಿಗಳಿವೆ. ಭೂತಾನದಲ್ಲಿ 4,000 ಮೀಟರಿಗೂ ಎತ್ತರದಲ್ಲಿ ಅವು ಕ್ಯಾಮೆರಾಕ್ಕೆ ಸಿಕ್ಕಿವೆ.

ಎಲ್ಲ ಕಡೆಯೂ ಮೂರು ಅಗತ್ಯಗಳು ಸಮಾನ: ಮರೆಗೆ ಪೊದೆ ಅಥವಾ ಎತ್ತರದ ಹುಲ್ಲು, ವರ್ಷವಿಡೀ ನೀರು, ಸಾಕಷ್ಟು ಬಲಿಪ್ರಾಣಿ. ಹುಲಿಗೆ ನೀರಿನ ಹೆದರಿಕೆಯಿಲ್ಲ. ಬೇಸಿಗೆಯ ಮಧ್ಯಾಹ್ನ ಕೆರೆ, ಹಳ್ಳಗಳಲ್ಲಿ ಮೈ ಮುಳುಗಿಸಿ ಮಲಗುತ್ತದೆ. ಸುಂದರಬನದಲ್ಲಿ ಅಗಲವಾದ ಕಾಲುವೆಗಳನ್ನು ಈಜಿ ದಾಟುತ್ತದೆ. ನಾಗರಹೊಳೆ, ಬಂಡೀಪುರದಂಥ ಎಲೆಯುದುರುವ ಕಾಡುಗಳಲ್ಲಿ ತಗ್ಗಿನ ಜೌಗು ಹುಲ್ಲುಗಾವಲುಗಳಾದ ಹಡ್ಲುಗಳು ಬೇಸಿಗೆಯಲ್ಲೂ ಹಸುರಾಗಿರುತ್ತವೆ. ಮೇವಿಗೆ ಅಲ್ಲಿಗೆ ಬರುವ ಕಾಟಿ, ಕಡವೆ, ಜಿಂಕೆಗಳ ಹಿಂದೆ ಹುಲಿಯೂ ಬರುತ್ತದೆ.

ಆಹಾರ

ಹುಲಿ ಕಪ್ಪೆ, ಮೀನು, ಮುಸುವದಿಂದ ಹಿಡಿದು ಆನೆಮರಿಯವರೆಗೆ ಸಿಕ್ಕಿದ್ದನ್ನು ತಿನ್ನಬಲ್ಲದು. ಆದರೆ ಅದರ ಬದುಕು ನಡೆಯುವುದು ದೊಡ್ಡ ಗೊರಸಿನ ಪ್ರಾಣಿಗಳಿಂದ. ಭಾರತದಲ್ಲಿ ಕಡವೆ, ಚುಕ್ಕೆಜಿಂಕೆ, ಕಾಟಿ, ಕಾಡುಹಂದಿ, ನೀಲಗಾಯ್ ಮುಖ್ಯ ಬಲಿಗಳು. ರಷ್ಯಾದಲ್ಲಿ ಕೆಂಪುಜಿಂಕೆ, ಸಿಕಾ ಜಿಂಕೆ ಮತ್ತು ಕಾಡುಹಂದಿ.

ಹುಲಿ ಬಲಿಯನ್ನು ಆರಿಸುವ ಬಗೆಯನ್ನು ತಿಳಿಸಿದ ಮುಖ್ಯ ಅಧ್ಯಯನಗಳಲ್ಲೊಂದು ನಾಗರಹೊಳೆಯದು. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅಲ್ಲಿ ಹುಲಿ ಕೊಂದ ಪ್ರಾಣಿಯ ಸರಾಸರಿ ತೂಕ ಸುಮಾರು 92 ಕಿಲೋ. ಅದೇ ಕಾಡಿನ ಚಿರತೆಯ ಬಲಿ ಸುಮಾರು 38 ಕಿಲೋ, ಸೀಳುನಾಯಿಯದು 43 ಕಿಲೋ. ಕಾಡಿನಲ್ಲಿ ಚುಕ್ಕೆಜಿಂಕೆಗಳ ಸಂಖ್ಯೆ ಹೆಚ್ಚಿದ್ದರೂ ಹುಲಿ ಕಾಟಿಯಂಥ ದೊಡ್ಡ ಪ್ರಾಣಿಯ ಕಡೆಗೇ ಒಲಿದಿತ್ತು. ಮೂರು ಬೇಟೆಗಾರ ಪ್ರಾಣಿಗಳು ಒಂದೇ ಕಾಡಿನಲ್ಲಿ ಬಾಳುವುದಕ್ಕೆ ಈ ಆಯ್ಕೆಯ ವ್ಯತ್ಯಾಸವೂ ಒಂದು ಕಾರಣ. ದೊಡ್ಡ ಪ್ರಾಣಿಗಳು ಕಳ್ಳಬೇಟೆಗೆ ಬಲಿಯಾದ ಕಾಡಿನಲ್ಲಿ ಈ ಹಂಚಿಕೆ ಕುಸಿದು, ಹುಲಿಯೂ ಚಿಕ್ಕ ಬಲಿಗಳಿಗೆ ಇಳಿಯಬೇಕಾಗುತ್ತದೆ.

ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ಕೊಲ್ಲುತ್ತದೆ, ಅಂದರೆ ವಾರಕ್ಕೊಂದು. ಮರಿಗಳಿರುವ ತಾಯಿಗೆ ಇನ್ನೂ ಹೆಚ್ಚು ಬೇಕು. ಬಲಿಪ್ರಾಣಿಗಳ ಸಂತತಿ ಕುಗ್ಗದಿರಬೇಕಾದರೆ ಹುಲಿಗಳ ಪಾಲಿಗೆ ಹೋಗಬಹುದಾದದ್ದು ವರ್ಷಕ್ಕೆ ಸುಮಾರು ಶೇಕಡ 10. ಈ ಲೆಕ್ಕದಲ್ಲಿ ಒಂದು ಹುಲಿಯ ಬೆನ್ನಿಗೆ ಕಾಡಿನಲ್ಲಿ ಸುಮಾರು 500 ಗೊರಸಿನ ಪ್ರಾಣಿಗಳಿರಬೇಕು. ಕಾರಂತ ಮತ್ತು ಸಹೋದ್ಯೋಗಿಗಳು ಭಾರತದ 11 ಕಾಡುಗಳಲ್ಲಿ ಈ ಸಂಬಂಧವನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಬಲಿಪ್ರಾಣಿಗಳ ದಟ್ಟಣೆ ಚದರ ಕಿಲೋಮೀಟರಿಗೆ 5ರಿಂದ 64ರವರೆಗೆ ಇದ್ದ ಆ ಕಾಡುಗಳಲ್ಲಿ ಹುಲಿಗಳ ದಟ್ಟಣೆ 100 ಚದರ ಕಿಲೋಮೀಟರಿಗೆ 3ರಿಂದ 17ರವರೆಗೆ ಇತ್ತು; ಒಂದು ಏರಿದ ಕಡೆ ಇನ್ನೊಂದೂ ಏರಿತ್ತು. ಹುಲಿಯನ್ನು ಗುಂಡಿನಿಂದ ಕಾಪಾಡಿದರಷ್ಟೇ ಸಾಲದು, ಜಿಂಕೆ ಕಡವೆಗಳ ಕಳ್ಳಬೇಟೆಯನ್ನೂ ನಿಲ್ಲಿಸಬೇಕು ಎಂಬ ನಿಲುವಿಗೆ ಗಟ್ಟಿ ಆಧಾರ ಸಿಕ್ಕಿದ್ದು ಇಂಥ ಅಧ್ಯಯನಗಳಿಂದ.

ಬೇಟೆಯ ರೀತಿ

ಹುಲಿ ಹೆಚ್ಚಾಗಿ ಮುಸ್ಸಂಜೆಯಿಂದ ಬೆಳಗಿನವರೆಗೆ ಬೇಟೆಯಾಡುತ್ತದೆ. ಕಾಡುದಾರಿ, ಹಳ್ಳದ ಪಾತ್ರ, ಜೀಪ್ ರಸ್ತೆಗಳ ಮೇಲೆ ಸದ್ದಿಲ್ಲದೆ ನಡೆಯುತ್ತ ಬಲಿಯ ಸುಳಿವು ಸಿಕ್ಕಿದೊಡನೆ ಮೈ ತಗ್ಗಿಸಿ, ಪೊದೆ ಹುಲ್ಲುಗಳ ಮರೆಯಲ್ಲಿ ಹೊಂಚುತ್ತ ಹತ್ತಿರಕ್ಕೆ ಸರಿಯುತ್ತದೆ. ಹತ್ತಿಪ್ಪತ್ತು ಮೀಟರ್ ಅಂತರಕ್ಕೆ ಬಂದ ಮೇಲೆ ಎರಗುತ್ತದೆ. ಆ ಮೊದಲ ಕ್ಷಣಗಳಲ್ಲಿ ಹಿಡಿತ ಸಿಗದಿದ್ದರೆ ಸಾಮಾನ್ಯವಾಗಿ ಬೆನ್ನಟ್ಟದೆ ಬಿಟ್ಟುಬಿಡುತ್ತದೆ. ಮುಸುವ, ಕಡವೆ, ಚುಕ್ಕೆಜಿಂಕೆಗಳ ಎಚ್ಚರಿಕೆಯ ಕೂಗು ಕೇಳಿಬಂದರೆ ಹೊಂಚು ಬಹುಪಾಲು ವ್ಯರ್ಥ. ಸೋಲುವ ಪ್ರಯತ್ನಗಳೇ ಹೆಚ್ಚು. ಹತ್ತರಿಂದ ಇಪ್ಪತ್ತು ಪ್ರಯತ್ನಗಳಲ್ಲಿ ಒಂದು ಫಲಿಸುತ್ತದೆ ಎಂಬುದು ಸಾಮಾನ್ಯ ಅಂದಾಜು.

ಚಿಕ್ಕ ಪ್ರಾಣಿಯನ್ನು ಕತ್ತಿನ ಹಿಂಭಾಗ ಕಚ್ಚಿ ಬೆನ್ನುಹುರಿ ಮುರಿದು ಕೊಲ್ಲುತ್ತದೆ. ದೊಡ್ಡದಾದರೆ ಮುಂಗಾಲುಗಳಿಂದ ಭುಜವನ್ನು ಹಿಡಿದು ಕೆಡವಿ, ಗಂಟಲನ್ನು ಕಚ್ಚಿ ಉಸಿರು ನಿಲ್ಲುವವರೆಗೆ ಬಿಡುವುದಿಲ್ಲ. ಗಂಟಲಿನ ಹಿಡಿತದಲ್ಲಿ ಕೊಂಬು ಮತ್ತು ಗೊರಸುಗಳ ಪೆಟ್ಟಿನಿಂದ ಹುಲಿ ದೂರವಿರುತ್ತದೆ. ಆದರೂ ಕಾಟಿ, ಹಂದಿಗಳ ಏಟಿಗೆ ಸತ್ತ ಹುಲಿಗಳುಂಟು.

ಕೊಂದದ್ದನ್ನು ಪೊದೆಯ ಮರೆಗೆ ಎಳೆದೊಯ್ದು, ಸಾಮಾನ್ಯವಾಗಿ ತೊಡೆಯ ಭಾಗದಿಂದ ತಿನ್ನತೊಡಗುತ್ತದೆ. ಕರುಳು, ಜಠರಗಳನ್ನು ಬೇರೆಡೆಗೆ ಎಳೆದುಹಾಕುತ್ತದೆ. ಒಂದು ರಾತ್ರಿಯಲ್ಲಿ 20ರಿಂದ 35 ಕಿಲೋ ಮಾಂಸ ತಿನ್ನಬಲ್ಲದು. ಉಳಿದದ್ದನ್ನು ತರಗೆಲೆ, ಮಣ್ಣುಗಳಿಂದ ಮುಚ್ಚಿ, ಹತ್ತಿರದಲ್ಲೇ ಮಲಗಿ, ಎರಡರಿಂದ ನಾಲ್ಕು ದಿನ ಮರಳಿ ಬಂದು ತಿನ್ನುತ್ತದೆ.

ನೆಲದ ಹಂಚಿಕೆ

ಒಂದು ಹುಲಿ ವರ್ಷವಿಡೀ ಬಳಸುವ ನೆಲವನ್ನು ನೆಲೆವ್ಯಾಪ್ತಿ ಎಂದೂ, ತನ್ನ ಲಿಂಗದ ಇನ್ನೊಂದು ಹುಲಿಯನ್ನು ಸೇರಿಸದೆ ಕಾಯ್ದುಕೊಳ್ಳುವ ಭಾಗವನ್ನು ಸರಹದ್ದು ಎಂದೂ ಕರೆಯಲಾಗುತ್ತದೆ. ಬೆಳೆದ ಹೆಣ್ಣು ತನಗೂ ಮರಿಗಳಿಗೂ ಸಾಕಾಗುವಷ್ಟು ಬಲಿಪ್ರಾಣಿಗಳಿರುವ ನೆಲವನ್ನು ಹಿಡಿಯುತ್ತದೆ. ಬಲಿ ದಟ್ಟವಾಗಿರುವ ನೇಪಾಳದ ಚಿತ್ವಾನ್, ಕರ್ನಾಟಕದ ನಾಗರಹೊಳೆಗಳಲ್ಲಿ ಇದು ಸುಮಾರು 20 ಚದರ ಕಿಲೋಮೀಟರ್. ಬಲಿ ವಿರಳವಾದ ರಷ್ಯಾದ ಸಿಖೋತೆ ಅಲಿನ್ ಪರ್ವತಗಳಲ್ಲಿ ಸುಮಾರು 400. ಗಂಡಿನ ಸರಹದ್ದು ಇದಕ್ಕಿಂತ ದೊಡ್ಡದು; ಸಾಮಾನ್ಯವಾಗಿ ಎರಡು ಮೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೆಣ್ಣುಗಳ ನೆಲ ಅದರೊಳಗಿರುತ್ತದೆ. ಹೆಣ್ಣು ಅನ್ನಕ್ಕಾಗಿ ನೆಲ ಹಿಡಿದರೆ ಗಂಡು ಹಿಡಿಯುವುದು ಹೆಣ್ಣುಗಳಿಗಾಗಿ.

ಒಂಟಿ ಪ್ರಾಣಿ ಎಂದ ಮಾತ್ರಕ್ಕೆ ಹುಲಿಗೆ ಸಮಾಜವಿಲ್ಲವೆಂದಲ್ಲ. ನೆರೆಯ ಹುಲಿಗಳು ಪರಸ್ಪರ ಪರಿಚಿತವಾಗಿರುತ್ತವೆ. ತಾಯಿ ಮತ್ತು ಮಗಳು ಅಕ್ಕಪಕ್ಕದಲ್ಲೇ ನೆಲ ಹಿಡಿದು ಬಾಳುವುದು ಸಾಮಾನ್ಯ. ತನ್ನ ಮರಿಗಳಿರುವಲ್ಲಿಗೆ ಗಂಡು ಬಂದು ಒಂದೇ ಬೇಟೆಯಲ್ಲಿ ಪಾಲು ಪಡೆದ ದಾಖಲೆಗಳಿವೆ. ರಣಥಂಬೋರಿನಲ್ಲಿ 2011ರಲ್ಲಿ ತಾಯಿ ಸತ್ತ ಎರಡು ಹೆಣ್ಣು ಮರಿಗಳನ್ನು ಟಿ-25 ಎಂಬ ಗಂಡು ಹುಲಿ ಜೊತೆಯಲ್ಲಿಟ್ಟುಕೊಂಡು ಕಾಪಾಡಿತು.

ಸರಹದ್ದಿನ ಒಡೆತನ ಕಾಯಂ ಅಲ್ಲ. ಚಿತ್ವಾನಿನ ದೀರ್ಘಕಾಲದ ಅಧ್ಯಯನದಲ್ಲಿ ಸಂತಾನ ಪಡೆಯುವ ಅವಧಿ ಹೆಣ್ಣಿಗೆ ಸರಾಸರಿ ಆರು ವರ್ಷ, ಗಂಡಿಗೆ ಮೂರು ವರ್ಷಕ್ಕೂ ಕಡಿಮೆ ಎಂದು ಕಂಡುಬಂತು. ಹೊಸ ಗಂಡು ಬಂದು ಹಳೆಯದನ್ನು ಓಡಿಸಿದಾಗ ಅದರ ಚಿಕ್ಕ ಮರಿಗಳನ್ನು ಕೊಲ್ಲುವುದುಂಟು. ಮರಿ ಕಳೆದುಕೊಂಡ ಹೆಣ್ಣು ಬೇಗ ಮತ್ತೆ ಬೆದೆಗೆ ಬರುತ್ತದೆ.

ಗುರುತು ಹಾಕುವಿಕೆ

ಕಾದಾಟ ಎರಡೂ ಹುಲಿಗಳಿಗೆ ಅಪಾಯಕಾರಿ. ಗಾಯಗೊಂಡ ಹುಲಿ ಬೇಟೆಯಾಡಲಾರದು. ಹಾಗಾಗಿ ಸರಹದ್ದಿನ ಸುದ್ದಿ ಹೆಚ್ಚಾಗಿ ವಾಸನೆ ಮತ್ತು ಕಣ್ಣಿಗೆ ಕಾಣುವ ಗುರುತುಗಳ ಮೂಲಕ ಹರಡುತ್ತದೆ. ಹುಲಿ ಬಾಲವೆತ್ತಿ ಮರದ ಕಾಂಡ, ಪೊದೆಗಳಿಗೆ ಹಿಮ್ಮುಖವಾಗಿ ಮೂತ್ರ ಸಿಂಪಡಿಸುತ್ತದೆ. ಬಾಗಿದ ಕಾಂಡದ ಕೆಳಮೈಯಂಥ ಮಳೆ ತಾಗದ ಜಾಗಗಳನ್ನು ಆರಿಸುವುದು ಹೆಚ್ಚು. ಕೋಲ್ಕತ್ತದ ವಿಜ್ಞಾನಿ ರತನ್‌ಲಾಲ್ ಬ್ರಹ್ಮಚಾರಿ ಈ ದ್ರವವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಬಾಸ್ಮತಿ ಅಕ್ಕಿಯ ಪರಿಮಳಕ್ಕೆ ಕಾರಣವಾದ ರಾಸಾಯನಿಕವೇ ಇದರಲ್ಲೂ ಇದೆಯೆಂದು ಗುರುತಿಸಿದರು. ಇದರಲ್ಲಿರುವ ಕೊಬ್ಬಿನಂಶ ವಾಸನೆಯನ್ನು ಬಹುಕಾಲ ಹಿಡಿದಿಡುತ್ತದೆ.

ಹಿಂಗಾಲಿನಿಂದ ನೆಲ ಕೆರೆದು ಅದರ ಮೇಲೆ ಮಲ ಅಥವಾ ಮೂತ್ರ ಬಿಡುವುದು, ಮರದ ತೊಗಟೆಯನ್ನು ಉಗುರಿನಿಂದ ಪರಚುವುದು, ಕೆನ್ನೆ ಉಜ್ಜುವುದು ಇತರ ಗುರುತುಗಳು. ಇನ್ನೊಂದು ಹುಲಿ ಇವನ್ನು ಮೂಸಿ, ಮೇಲ್ದುಟಿ ಸುಕ್ಕಿಸಿ ನಾಲಿಗೆ ಹೊರಚಾಚುತ್ತದೆ. ವಾಸನೆಯನ್ನು ಬಾಯಿಯ ಮೇಲ್ಭಾಗದ ವಿಶೇಷ ಅಂಗಕ್ಕೆ ಮುಟ್ಟಿಸುವ ಕ್ರಮವಿದು. ಗುರುತು ಹಾಕಿದ್ದು ಗಂಡೋ ಹೆಣ್ಣೋ, ಹೆಣ್ಣಾದರೆ ಬೆದೆಯಲ್ಲಿದೆಯೋ, ಎಷ್ಟು ಹಿಂದೆ ಹಾದುಹೋಗಿದೆ ಎಂಬುದು ಇದರಿಂದ ತಿಳಿಯುತ್ತದೆ. ಒಂದು ಹುಲಿ ಸತ್ತು ಗುರುತು ಮಾಸಿದರೆ ಕೆಲವೇ ವಾರಗಳಲ್ಲಿ ಅದರ ನೆಲಕ್ಕೆ ಬೇರೆ ಹುಲಿ ಬರುತ್ತದೆ.

ಸಂತಾನ ಮತ್ತು ಮರಿಗಳು

ಹೆಣ್ಣು ಮೂರು ನಾಲ್ಕು ವರ್ಷಕ್ಕೆ, ಗಂಡು ನಾಲ್ಕೈದು ವರ್ಷಕ್ಕೆ ಸಂತಾನಕ್ಕೆ ಸಿದ್ಧವಾಗುತ್ತವೆ. ಉಷ್ಣ ಪ್ರದೇಶಗಳಲ್ಲಿ ವರ್ಷದ ಯಾವ ಕಾಲದಲ್ಲಾದರೂ ಕೂಡುವಿಕೆ ನಡೆಯುತ್ತದೆ. ಬೆದೆಯ ಕೆಲವು ದಿನಗಳಲ್ಲಿ ಜೋಡಿ ಒಟ್ಟಿಗಿದ್ದು ಮತ್ತೆ ಮತ್ತೆ ಕೂಡುತ್ತದೆ. ಕೂಡುವಿಕೆಯ ಪ್ರಚೋದನೆಯಿಂದಲೇ ಅಂಡ ಬಿಡುಗಡೆಯಾಗುತ್ತದೆ. ಗರ್ಭಕಾಲ ಸುಮಾರು 103 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ.

ಹುಟ್ಟಿದಾಗ ಮರಿಗೆ ಕಣ್ಣು ತೆರೆದಿರುವುದಿಲ್ಲ. ತೂಕ ಒಂದು ಕಿಲೋದ ಆಸುಪಾಸು. ಬಂಡೆಯ ಸಂದು, ದಟ್ಟ ಪೊದೆ, ಎತ್ತರದ ಹುಲ್ಲುಗಳಲ್ಲಿ ತಾಯಿ ಅವನ್ನು ಬಚ್ಚಿಡುತ್ತದೆ, ಸುಳಿವು ಸಿಕ್ಕೀತೆಂಬ ಅನುಮಾನ ಬಂದರೆ ಕತ್ತಿನ ಚರ್ಮ ಕಚ್ಚಿ ಒಂದೊಂದಾಗಿ ಬೇರೆಡೆಗೆ ಒಯ್ಯುತ್ತದೆ. ಒಂದೆರಡು ವಾರಗಳಲ್ಲಿ ಕಣ್ಣು ತೆರೆಯುತ್ತದೆ. ಎರಡು ತಿಂಗಳ ಹೊತ್ತಿಗೆ ಮರಿಗಳು ತಾಯಿಯ ಹಿಂದೆ ನಡೆದು ಬೇಟೆಯ ಮಾಂಸದ ರುಚಿ ನೋಡುತ್ತವೆ. ಆರು ತಿಂಗಳೊಳಗೆ ಹಾಲು ಬಿಡುತ್ತವೆ. ಅಲ್ಲಿಂದ ಮುಂದಿನ ಒಂದು ವರ್ಷ ಕಲಿಕೆಯ ಕಾಲ. ತಾಯಿ ಅರೆಜೀವವಾದ ಬಲಿಯನ್ನು ಮರಿಗಳ ಮುಂದೆ ಬಿಟ್ಟು ಕೊಲ್ಲುವುದನ್ನು ಕಲಿಸುವುದನ್ನು ಗಮನಿಸಲಾಗಿದೆ. ಮರಿಗಳು 18ರಿಂದ 24 ತಿಂಗಳಿಗೆ ಸ್ವತಂತ್ರವಾಗುತ್ತವೆ. ಎರಡು ಸೂಲುಗಳ ನಡುವಿನ ಅಂತರ ಎರಡು, ಎರಡೂವರೆ ವರ್ಷ.

ಚಿತ್ವಾನಿನ ದಾಖಲೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಮರಿಗಳು ಮೊದಲ ವರ್ಷ ದಾಟಲಿಲ್ಲ. ಕಾಳ್ಗಿಚ್ಚು, ನೆರೆ, ಹಸಿವು, ಗಂಡು ಹುಲಿಗಳ ದಾಳಿ ಮುಖ್ಯ ಕಾರಣಗಳು. ಸಾವು ಇಷ್ಟಿದ್ದರೂ, ಬಲಿ ಮತ್ತು ರಕ್ಷಣೆ ಇದ್ದರೆ ಹುಲಿಯ ಸಂತತಿ ವೇಗವಾಗಿ ಚೇತರಿಸಿಕೊಳ್ಳುತ್ತದೆ. ಮಧ್ಯಪ್ರದೇಶದ ಪೆಂಚ್‌ನಲ್ಲಿ ‘ಕಾಲರ್‌ವಾಲಿ’ ಎಂದು ಹೆಸರಾಗಿ 2022ರಲ್ಲಿ ತೀರಿಕೊಂಡ ಹೆಣ್ಣು ಹುಲಿ ಎಂಟು ಸೂಲುಗಳಲ್ಲಿ 29 ಮರಿ ಹಾಕಿತ್ತು. ಕಾಡಿನ ಹುಲಿಯ ಆಯುಸ್ಸು ಹತ್ತರಿಂದ ಹದಿನೈದು ವರ್ಷ. ರಣಥಂಬೋರಿನ ‘ಮಛಲಿ’ 2016ರಲ್ಲಿ ಸಾಯುವಾಗ ಅದಕ್ಕೆ ಸುಮಾರು 19 ವರ್ಷವಾಗಿತ್ತು, ಇದು ತೀರ ಅಪರೂಪ.

ಚದುರುವಿಕೆ

ತಾಯಿಯನ್ನು ಬಿಟ್ಟ ಹೆಣ್ಣು ಹತ್ತಿರದಲ್ಲೇ ನೆಲ ಹುಡುಕುತ್ತದೆ. ಗಂಡು ದೂರ ಹೋಗಬೇಕಾಗುತ್ತದೆ. ಚಿತ್ವಾನ್‌ನಲ್ಲಿ ಗಂಡುಗಳು ಸರಾಸರಿ 33 ಕಿಲೋಮೀಟರ್, ಹೆಣ್ಣುಗಳು 10 ಕಿಲೋಮೀಟರ್ ದೂರ ಸರಿದವು. ಈ ಸರಾಸರಿಯನ್ನು ಬಹಳ ಮೀರುವ ಹುಲಿಗಳೂ ಇವೆ. ಬಂಡೀಪುರದಲ್ಲಿ ಚಿತ್ರ ಸೆರೆಯಾಗಿದ್ದ ಗಂಡು ಹುಲಿಯೊಂದು 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಸಿಕ್ಕಿತು; ನೇರ ಅಂತರವೇ ಸುಮಾರು 280 ಕಿಲೋಮೀಟರ್. ಮಹಾರಾಷ್ಟ್ರದ ಟಿಪೇಶ್ವರದಿಂದ 2019ರಲ್ಲಿ ಹೊರಟ ರೇಡಿಯೊ ಕಾಲರ್ ಹಾಕಿದ್ದ ಗಂಡು ಹೊಲ, ರಸ್ತೆ, ಊರುಗಳನ್ನು ದಾಟುತ್ತ 1,300 ಕಿಲೋಮೀಟರಿಗೂ ಹೆಚ್ಚು ನಡೆದು ಜ್ಞಾನಗಂಗಾ ವನ್ಯಧಾಮ ಸೇರಿತು. ಎರಡು ಕಾಡುಗಳ ಹುಲಿಗಳ ನಡುವೆ ವಂಶವಾಹಿ ವಿನಿಮಯ ನಡೆಯುವುದು ಇಂಥ ಅಲೆಮಾರಿ ಗಂಡುಗಳಿಂದಲೇ. ಹುಲಿಯ ಬದುಕಿನ ಅತಿ ಅಪಾಯದ ಕಾಲವೂ ಇದೇ.

ನಾಗರಹೊಳೆಯಲ್ಲಿ ಒಂಬತ್ತು ವರ್ಷಗಳ ಕ್ಯಾಮೆರಾ ಅಧ್ಯಯನ 74 ಹುಲಿಗಳನ್ನು ಗುರುತಿಸಿ, ವರ್ಷದಿಂದ ವರ್ಷಕ್ಕೆ ಅವು ಅಲ್ಲಿ ಉಳಿಯುವ ಪ್ರಮಾಣ ಸುಮಾರು ಶೇಕಡ 77 ಎಂದು ಲೆಕ್ಕಹಾಕಿತು. ಅಂದರೆ ಚೆನ್ನಾಗಿ ಕಾಯ್ದ ಕಾಡಿನಲ್ಲೂ ಪ್ರತಿವರ್ಷ ನಾಲ್ಕರಲ್ಲಿ ಸುಮಾರು ಒಂದು ಹುಲಿ ಸಾಯುತ್ತದೆ ಅಥವಾ ಹೊರಹೋಗುತ್ತದೆ. ಹುಟ್ಟುವ ಮರಿಗಳು ಆ ಜಾಗವನ್ನು ತುಂಬುತ್ತವೆ.

ಇತರ ಪ್ರಾಣಿಗಳೊಡನೆ ಸಂಬಂಧ

ಹುಲಿ ಸಿಕ್ಕಿದರೆ ಚಿರತೆಯನ್ನು ಕೊಲ್ಲುತ್ತದೆ. ಹುಲಿ ದಟ್ಟವಾಗಿರುವ ಹಲವು ಕಡೆ ಚಿರತೆಗಳು ಕಾಡಂಚಿಗೆ ಸರಿಯುತ್ತವೆ. ಸೀಳುನಾಯಿಗಳ ಗುಂಪು ಹಗಲಿನಲ್ಲಿ ಬೇಟೆಯಾಡುವುದರಿಂದ ಎದುರುಬದುರಾಗುವುದು ಕಡಿಮೆ. ಆನೆ ಮತ್ತು ಬೆಳೆದ ಗಂಡು ಕಾಟಿಗೆ ಹುಲಿ ದಾರಿ ಬಿಡುವುದೇ ಹೆಚ್ಚು. ರಷ್ಯಾದಲ್ಲಿ ಕಂದು ಕರಡಿಗಳು ಹುಲಿಯ ಬೇಟೆಯನ್ನು ಕಸಿಯುತ್ತವೆ. ಹುಲಿಗಳು ಕರಡಿಗಳನ್ನು ಕೊಂದು ತಿನ್ನುವುದೂ ಇದೆ. ಮುಳ್ಳುಹಂದಿಯ ಮುಳ್ಳು ಪಂಜಕ್ಕೆ, ಬಾಯಿಗೆ ಚುಚ್ಚಿ ಕೀವಾದರೆ ಹುಲಿ ಬೇಟೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ವೈಜ್ಞಾನಿಕ ಅಧ್ಯಯನ

1960ರ ದಶಕದವರೆಗೆ ಹುಲಿಯ ವರ್ತನೆಯ ಬಗೆಗಿನ ತಿಳಿವಳಿಕೆ ಹೆಚ್ಚಾಗಿ ಶಿಕಾರಿಗಳ ಬರಹಗಳಿಂದ ಬಂದದ್ದು. ಅಮೆರಿಕದ ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ 1963ರಿಂದ ಮಧ್ಯಪ್ರದೇಶದ ಕಾನ್ಹಾದಲ್ಲಿ ನಡೆಸಿದ ಅಧ್ಯಯನ 1967ರಲ್ಲಿ ಪುಸ್ತಕವಾಗಿ ಬಂದು ಹೊಸ ದಾರಿ ತೆರೆಯಿತು. 1970ರ ದಶಕದಲ್ಲಿ ಚಿತ್ವಾನ್‌ನಲ್ಲಿ ಹುಲಿಗಳಿಗೆ ಮೊದಲ ಬಾರಿ ರೇಡಿಯೊ ಕಾಲರ್ ಹಾಕಲಾಯಿತು. ನೆಲದ ಹಂಚಿಕೆಯ ನಿಖರ ಚಿತ್ರ ಸಿಕ್ಕಿದ್ದು ಅಲ್ಲಿಂದ. ಭಾರತದಲ್ಲಿ ಹೆಜ್ಜೆಗುರುತಿನ ಅಚ್ಚಿನಿಂದ ಹುಲಿ ಎಣಿಸುವ ಪದ್ಧತಿ ಬಹುಕಾಲ ನಡೆಯಿತು. ಒಂದೇ ಹುಲಿಯ ಹೆಜ್ಜೆ ಮಣ್ಣು ಬದಲಾದಂತೆ ಬೇರೆಯಾಗಿ ಮೂಡುವುದರಿಂದ ಅದು ನಂಬಲರ್ಹವಾಗಿರಲಿಲ್ಲ. ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸಿಕ್ಕ ಪಟ್ಟೆಗಳಿಂದ ಹುಲಿಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಅವು ಮತ್ತೆ ಮತ್ತೆ ಸಿಕ್ಕುವ ಪ್ರಮಾಣದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕಾರಂತ ರೂಪಿಸಿದರು. ಇಂದಿನ ಗಣತಿಗಳ ತಳಹದಿ ಇದೇ.

ಮನುಷ್ಯರೊಡನೆ ಸಂಬಂಧ

ಹುಲಿ ಸಾಮಾನ್ಯವಾಗಿ ಮನುಷ್ಯನಿಂದ ದೂರ ಸರಿಯುತ್ತದೆ. ಹೆಚ್ಚಿನ ದಾಳಿಗಳು ಪೊದೆಯಲ್ಲಿ ಹಠಾತ್ತನೆ ಎದುರಾದಾಗ, ಮರಿಗಳ ಬಳಿಗೆ ಯಾರಾದರೂ ಹೋದಾಗ, ಬೇಟೆಯ ಮೇಲಿದ್ದಾಗ ನಡೆಯುತ್ತವೆ. ಮನುಷ್ಯರನ್ನೇ ಬಲಿಯಾಗಿ ಹುಡುಕುವ ಹುಲಿ ವಿರಳ. ಗಾಯ, ಮುರಿದ ಹಲ್ಲು, ಮುಪ್ಪು ಇದಕ್ಕೆ ಆಗಾಗ ಕಾರಣವಾಗುತ್ತವೆ. 436 ಮಂದಿಯನ್ನು ಕೊಂದಿತೆಂದು ಹೇಳಲಾದ, 1907ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್ ಹೊಡೆದ ಚಂಪಾವತ್ ಹೆಣ್ಣು ಹುಲಿಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು.

ಇಂದಿನ ಸಂಘರ್ಷದ ಹೆಚ್ಚಿನ ಪಾಲು ಜಾನುವಾರುಗಳದ್ದು. ಕಾಡಂಚಿನಲ್ಲಿ ಮೇಯುವ ದನ ಜಿಂಕೆಗಿಂತ ಸುಲಭದ ಬಲಿ. ನೆಲ ಸಿಗದ ಎಳೆಯ ಹುಲಿಗಳು ಮತ್ತು ಸರಹದ್ದು ಕಳೆದುಕೊಂಡ ಮುದಿ ಹುಲಿಗಳು ಅತ್ತ ತಿರುಗುತ್ತವೆ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರ ತಿಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. ಆದರೆ ಹುಲಿಯ ಬಗ್ಗೆ ಭಕ್ತಿಯೂ ಉಂಟು: ಆ ಬೆಟ್ಟದ ದೈವ ಮಾದೇಶ್ವರನ ವಾಹನ ಹುಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿಯನ್ನು ಪೂಜ್ಯವಾಗಿ ಕಾಣುತ್ತಾರೆ. ತುಳುನಾಡಿನಲ್ಲಿ ನವರಾತ್ರಿಯ ಹುಲಿವೇಷ ಪ್ರಸಿದ್ಧ.

ಇಂದಿನ ಸ್ಥಿತಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ ಬೇಟೆಯನ್ನು ನಿಷೇಧಿಸಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾಯಿತು. ಮೊದಲ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಒಂದು. ಚರ್ಮ ಮತ್ತು ಮೂಳೆಯ ಅಂತರರಾಷ್ಟ್ರೀಯ ಕಳ್ಳಸಾಗಣೆಯಿಂದ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಪೂರ್ತಿ ನಾಶವಾದದ್ದು 2005ರ ಹೊತ್ತಿಗೆ ಬಯಲಾಯಿತು. ಬಳಿಕ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಚನೆಯಾಯಿತು. ಮಧ್ಯಪ್ರದೇಶದ ಪನ್ನಾದಲ್ಲೂ ಹುಲಿ ಅಳಿದು, 2009ರಿಂದ ಬೇರೆ ಕಾಡುಗಳ ಹುಲಿಗಳನ್ನು ತಂದು ಸಂತತಿಯನ್ನು ಮತ್ತೆ ಕಟ್ಟಲಾಗಿದೆ.

ಕ್ಯಾಮೆರಾ ಆಧಾರದ ರಾಷ್ಟ್ರೀಯ ಅಂದಾಜು 2006ರಲ್ಲಿ 1,411 ಇದ್ದದ್ದು 2018ರಲ್ಲಿ 2,967ಕ್ಕೂ, 2022ರಲ್ಲಿ 3,682ಕ್ಕೂ ಏರಿತು. ಗಣತಿಯ ವ್ಯಾಪ್ತಿ ಹಿಗ್ಗುತ್ತ ಬಂದಿರುವುದರಿಂದ ಈ ಏರಿಕೆಯನ್ನೆಲ್ಲ ಹುಲಿಗಳ ಹೆಚ್ಚಳವೆಂದೇ ಎಣಿಸುವಂತಿಲ್ಲ. 2022ರ ಅಂದಾಜಿನಲ್ಲಿ ಮಧ್ಯಪ್ರದೇಶಕ್ಕೆ 785, ಕರ್ನಾಟಕಕ್ಕೆ 563, ಉತ್ತರಾಖಂಡಕ್ಕೆ 560 ಹುಲಿಗಳು. ಕರ್ನಾಟಕದ ಹುಲಿ ಮೀಸಲುಗಳು ಐದು: ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನಾಥ ಸ್ವಾಮಿ ದೇಗುಲ. ನೇಪಾಳದಲ್ಲಿ 2022ರಲ್ಲಿ 355 ಹುಲಿಗಳಿದ್ದವು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ಕಾಡುಗಳಿಂದ ಹುಲಿ ಮರೆಯಾಗಿದೆ; ಅಲ್ಲಿ ಮರಗಳು ಉಳಿದ ಕಡೆಯೂ ತಂತಿ ಉರುಳುಗಳು ಬಲಿಪ್ರಾಣಿಗಳನ್ನೂ ಹುಲಿಯನ್ನೂ ಒಟ್ಟಿಗೆ ಅಳಿಸಿದವು. ಐಯುಸಿಎನ್ ಪಟ್ಟಿಯಲ್ಲಿ ಹುಲಿ ಅಳಿವಿನಂಚಿನ ಪ್ರಭೇದವಾಗಿಯೇ ಮುಂದುವರಿದಿದೆ.

ಹುಲಿಯಿರುವ ಹಲವು ಮೀಸಲುಗಳು ಒಂದೊಂದೇ ಆಗಿ ಚಿಕ್ಕವು. ರಣಥಂಬೋರಿನ ಹುಲಿಗಳಲ್ಲಿ ಒಳಸಂಬಂಧದ ಲಕ್ಷಣಗಳು ಜೀನೋಮ್ ಅಧ್ಯಯನಗಳಲ್ಲಿ ಕಂಡಿವೆ. ಬಂಡೀಪುರ, ನಾಗರಹೊಳೆ, ವಯನಾಡ್, ಮುದುಮಲೈ, ಸತ್ಯಮಂಗಲ, ಬಿಳಿಗಿರಿ ಬೆಟ್ಟಗಳ ಹುಲಿಗಳು ಈ ವಿಷಯದಲ್ಲಿ ಅದೃಷ್ಟವಂತವು. ಕಾಡು ಮೂರು ರಾಜ್ಯಗಳಲ್ಲಿ ಒಂದಕ್ಕೊಂದು ತಾಗಿಕೊಂಡಿದೆ. ಬೇರೆಡೆ ಕಾಡುಗಳ ನಡುವಿನ ಸಂಪರ್ಕದಾರಿಗಳನ್ನು ಹೆದ್ದಾರಿ, ರೈಲು, ಕಾಲುವೆ, ಗಣಿಗಳು ಕತ್ತರಿಸುತ್ತಿವೆ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಪೆಂಚ್ ಬಳಿ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲಿಸುವಾಗ ಪ್ರಾಣಿಗಳಿಗಾಗಿ ಕೆಳದಾರಿಗಳನ್ನು ಕಟ್ಟಲಾಯಿತು. ಹುಲಿಗಳು ಅವುಗಳನ್ನು ಬಳಸುತ್ತಿರುವುದು ಅಲ್ಲಿನ ಕ್ಯಾಮೆರಾಗಳಲ್ಲಿ ದಾಖಲಾಗಿದೆ.